ಗೋಡೆ ಹಾರಿದ ಹನಿಗಳು

ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಸಾಫ್ಟ್‌ವೇರನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಅದು ನೀರನ್ನು ಲಕ್ಷಾಂತರ ಕಣಗಳಾಗಿ ಒಡೆದು, ಒಂದೊಂದು ಕಣ ಪಕ್ಕದ್ದನ್ನು ಹೇಗೆ ತಳ್ಳುತ್ತದೆ ಎಂದು ಲೆಕ್ಕ ಹಾಕುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಏನು ಕೆಟ್ಟಿದೆ ಎಂದು ಹುಡುಕುವವಳು ನಾನು. ಊರವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವಳಿಗೆ ಅವಳದೇ ತಪ್ಪು ತೋರಿಸಿದರೆ ಮೈಯೆಲ್ಲ ಉರಿಯುತ್ತದೆ. ಹಾಗೆ ಉರಿಸಿದ ಒಬ್ಬರಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅವರು ಸುದ್ದಗುಂಟೆಪಾಳ್ಯದ ನಮ್ಮ ಮನೆ ಓನರ್ ಆಂಟಿ. ಮೇಲೆ ನನ್ನ ಬಾಡಿಗೆ ಮನೆ, ಕೆಳಗೆ ಅವರ ಹಿಟ್ಟಿನ ಗಿರಣಿ, ಹಿಂದೆ ಊರಿನ ಮಳೆನೀರು ಹರಿಯುವ ರಾಜಕಾಲುವೆ. ಹೋದ ಮಳೆಗಾಲದಲ್ಲಿ ಕಾಲುವೆ ಉಕ್ಕಿ ಮೋಟಾರು ಸುಟ್ಟುಹೋಗಿ, ಗಿರಣಿ ತಿಂಗಳುಗಟ್ಟಲೆ ನಿಂತಿತ್ತು. "ಇನ್ನೊಂದ್ಸಲ ನೀರು ನುಗ್ಗಿದ್ರೆ ಬಾಗ್ಲು ಹಾಕ್ಬಿಡ್ತೀನಿ ಕಣಮ್ಮ" ಎಂದಿದ್ದರು. ಹೊಸ ಮೋಟಾರು ಕೂರಿಸುವ ಮುಂಚೆ ಹಿತ್ತಲ ಗೋಡೆ ಎತ್ತರಿಸಲು ಮೇಸ್ತ್ರಿಗೆ ಹೇಳಿದ್ದರು. ಎಷ್ಟು ಎತ್ತರ ಸಾಕೆಂದು ನೋಡಿ ಹೇಳುತ್ತೇನೆ ಎಂದು ನಾನೇ ಮೇಲೆ ಬಿದ್ದು ಒಪ್ಪಿಕೊಂಡೆ.

ಟೇಪು ಹಿಡಿದು ಕಾಲುವೆ, ಅದರ ತಿರುವು, ಗೋಡೆ ಎಲ್ಲ ಅಳೆದೆ. ಆಗಷ್ಟೇ ಬಂದಿದ್ದ ಹೊಸ ಆವೃತ್ತಿಯಲ್ಲಿ ನೀರು ಹರಿಸಿದೆ. ಮೂರಡಿ ಸಾಕು ಎಂದು ಬಂತು. ಮೇಸ್ತ್ರಿ ಮರುದಿನ ಬರುವವನಿದ್ದ. ಲ್ಯಾಪ್‌ಟಾಪ್ ಒಯ್ದು ಆಂಟಿಗೆ ತೋರಿಸಿದರೆ ಅವರು ಕನ್ನಡಕ ಏರಿಸಿಕೊಂಡು ನೋಡಿದರು.

"ಈ ಮೂಲೇಲಿ ನೀರು ಗೋಡೆ ಮೇಲಿಂದ ಎಗರ್ತಲ್ಲ, ಎಲ್ಲೋಯ್ತು ಅದು?"

"ಅದು ನೀರಲ್ಲ ಆಂಟಿ, ಕಸ. ಕಂಪ್ಯೂಟರ್ ಎಡವಟ್ಟು ಮಾಡುತ್ತೆ, ನಾವು ಅಳಿಸಿಬಿಡ್ತೀವಿ."

"ನೀನು ಅಳಿಸ್ತೀಯ. ನಮ್ಮನೇಲಿ ಯಾರು ಅಳಿಸ್ತಾರೆ? ಹೋದ್ಸಲ ನಾನೇ ತಾನೆ ಬಕೆಟ್ಟಲ್ಲಿ ಎತ್ತಿ ಹಾಕಿದ್ದು."

ಇವರಿಗೇನು ಗೊತ್ತು ಎಂದು ಗೊಣಗುತ್ತ ಮೆಟ್ಟಿಲು ಹತ್ತಿದೆ. ಅವರದೇ ತಪ್ಪೆಂದು ತೋರಿಸುವ ಹಟಕ್ಕೆ ಹೊಸ ಆವೃತ್ತಿಯ ಟಿಪ್ಪಣಿ ತೆಗೆದೆ. ಹಿಂದಿನ ಆವೃತ್ತಿಗಳಲ್ಲಿ ಕಣಗಳು ಗೋಡೆಯನ್ನೇ ತೂರಿಕೊಂಡು ಆಚೆ ಬೀಳುತ್ತಿದ್ದವು. ಅದಕ್ಕೇ ಗೋಡೆಯಾಚೆ ಸಿಕ್ಕಿದ್ದನ್ನೆಲ್ಲ ಅಳಿಸುವ ಆಯ್ಕೆಗೆ ಟಿಕ್ ಹಾಕುವುದು ನಮ್ಮೆಲ್ಲರ ರೂಢಿ. ಹೊಸದರಲ್ಲಿ ಆ ದೋಷ ಸರಿಹೋಗಿತ್ತು. ಸರಿಹೋಗಿದೆ ಎಂದು ಪರೀಕ್ಷಿಸಿ ಒಪ್ಪಿಗೆ ಕೊಟ್ಟವಳೂ ನಾನೇ! ಕೈ ಮಾತ್ರ ಅಭ್ಯಾಸಬಲದಿಂದ ಟಿಕ್ ಹಾಕಿತ್ತು. ಈಗ ಅಳಿಸಿಹೋಗುತ್ತಿದ್ದದ್ದು ಗೋಡೆಯ ಮೇಲಿಂದ ಹಾರಿಬಂದ ನಿಜವಾದ ನೀರು.

ಟಿಕ್ ತೆಗೆದು ಮತ್ತೆ ಹರಿಸಿದೆ. ತಿರುವಿಗೆ ಅಪ್ಪಳಿಸಿದ ನೀರು ಗೋಡೆ ದಾಟಿ, ಮೋಟಾರು ಕೂರಿಸಬೇಕೆಂದಿದ್ದ ಜಾಗದಲ್ಲೇ ಮಡುಗಟ್ಟಿತು. ನಾಚಿಕೆ ನುಂಗಿಕೊಂಡು ಕೆಳಗಿಳಿದು, "ತಪ್ಪು ನಂದೇ ಆಂಟಿ. ಮೂರಡಿ ಸಾಲಲ್ಲ, ತಿರುವಲ್ಲಿ ಐದಡಿ ಬೇಕು" ಎಂದೆ. ಅವರು ಬಯ್ಯಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿ ಐದಡಿ ಎಂದರು, ನನಗೆ ಕಾಫಿ ಕೊಟ್ಟರು.

ಆಫೀಸಿನಲ್ಲೂ ಒಪ್ಪಿಕೊಂಡೆ. ಈಗ ಆ ಟಿಕ್ ಹಾಕಿದರೆ, ಎಷ್ಟು ನೀರು ಅಳಿಸಿಹೋಯಿತು ಎಂದು ತೆರೆಯ ಮೇಲೇ ತೋರಿಸುವಂತೆ ನಮ್ಮವರು ಮಾಡಿದ್ದಾರೆ. ಆಂಟಿ ಕೇಳಿದ್ದ ಪ್ರಶ್ನೆಯೇ ಅದು.

ಮುಂಗಾರಿನ ಮೊದಲ ಜೋರು ಮಳೆಗೆ ಕಾಲುವೆ ಉಕ್ಕಿತು. ಬೆಳಿಗ್ಗೆ ಹೋಗಿ ನೋಡಿದರೆ ಗೋಡೆಯ ಹೊರಮೈಯಲ್ಲಿ ನಾಲ್ಕಡಿಯವರೆಗೆ ಕೆಸರು. ಗಿರಣಿಯ ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಆಂಟಿ ಆಗಲೇ ಯಾರದೋ ರಾಗಿ ಬೀಸುತ್ತಿದ್ದರು.

"ಥ್ಯಾಂಕ್ಸ್ ಆಂಟಿ. ಅವತ್ತು ನೀವು ಕೇಳದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದೆ.

"ನಿನ್ನ ಕಂಪ್ಯೂಟರ್ ನಂಬಿ ನಾನೇನು ಗೋಡೆ ಎತ್ತರಿಸ್ಲಿಲ್ಲ ಕಣಮ್ಮ" ಎಂದರು, ಹಿಟ್ಟಿನ ಡಬ್ಬ ಸರಿಸುತ್ತ. "ಮುಖ ಊದಿಸ್ಕೊಂಡು ಮೇಲೆ ಹೋದೋಳು ನೀನೇ ಇಳಿದು ಬಂದು ತಪ್ಪು ನಂದು ಅಂದ್ಯಲ್ಲ, ಅದನ್ನ ನಂಬಿ ಕಟ್ಟಿಸ್ದೆ."