ಕಣ್ಣಳತೆ ಮೇಸ್ತ್ರಿಯ ಐದಡಿ

ನಮ್ಮ ಬೀದಿಯವರು ಅವನ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು: "ಆ ಬಡಗಿ ಜೇಬಲ್ಲಿ ಟೇಪು ಇಟ್ಕೊಂಡಿರೋದು ಬರೀ ಶೋಕಿಗೆ." ನಿಜವೇ. ಬಾಗಿಲಿಲ್ಲದ ಚೌಕಟ್ಟಿನ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ ನೋಡಿ ಹೋದನೆಂದರೆ, ಮರುದಿನ ಅವನು ತಂದ ಬಾಗಿಲು ಬೆರಳಿಗೆ ಉಂಗುರ ಕೂತಂತೆ ಕೂರುತ್ತಿತ್ತು. ಹಾಗಾಗಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಕಣ್ಣಳತೆ ಮೇಸ್ತ್ರಿ. ಎದುರುಮನೆಯ ದರ್ಜಿಯಂತೂ "ಮೇಸ್ತ್ರಿ, ನನ್ನ ಆಯಸ್ಸು ಎಷ್ಟಡಿ ಇದೆ, ನೋಡಿ ಹೇಳು" ಎಂದು ರೇಗಿಸುವನು. "ನಿನ್ನ ನಾಲಿಗೆಯಷ್ಟು ಉದ್ದ ಇಲ್ಲ ಬಿಡು" ಎನ್ನುವನು ಇವನು.

ಮೇಸ್ತ್ರಿಗೆ ಒಬ್ಬಳೇ ಮಗಳು. ಕಾಲೆಂದರೆ ಕಾಲು, ಜಿಂಕೆಗೂ ಹೊಟ್ಟೆಕಿಚ್ಚಾಗಬೇಕು. ಶಾಲೆಯ ಆಟದ ಮೇಷ್ಟ್ರು ಅವಳನ್ನು ಎತ್ತರ ಜಿಗಿತಕ್ಕೆ ಹಾಕಿದರು. ಅಡ್ಡಗೋಲು ನಾಲ್ಕೂಮುಕ್ಕಾಲು ಅಡಿಯಲ್ಲಿರುವ ತನಕ ಹೇಗೋ ದಾಟುವಳು. "ಈಗ ಐದಡಿ" ಎಂದರೋ, ಮುಗಿಯಿತು. ಓಡಿ ಬಂದವಳು ಕೋಲಿನ ಮುಂದೆ ಗಕ್ಕನೆ ನಿಂತುಬಿಡುವಳು.

"ಐದು ಅನ್ನೋದು ಕಿವಿಗೆ ಬಿದ್ರೆ ಸಾಕಪ್ಪ, ಕಾಲಿಗೆ ಯಾರೋ ಕಲ್ಲು ಕಟ್ಟಿದ ಹಾಗಾಗುತ್ತೆ" ಎಂದು ಒಂದು ಸಂಜೆ ಅತ್ತಳು.

ಶಾಲೆಗೆ ರಜೆ ಬಂದಿತ್ತು. ಮೇಸ್ತ್ರಿ ಬಾಗಿಲೆದುರಿನ ಅಂಗಳದಲ್ಲಿ ಎರಡು ಕಂಬ ನೆಟ್ಟು, ಅಡ್ಡಕ್ಕೆ ಬಿದಿರುಗೋಲು ಇಟ್ಟ. ಮರ ಕೀಸಿದಾಗ ಬಿದ್ದ ಸುರುಳಿಯನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಅವಳು ಬೀಳುವ ಕಡೆ ಮೆತ್ತೆ ಮಾಡಿದ. ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಅಳತೆ ಬರೆದ. ಬರೆಯುವಾಗ, ಬಾಳಿನಲ್ಲಿ ಮೊದಲ ಸಲ, ಬೇಕೆಂದೇ ಅಳತೆ ತಪ್ಪಿದ. ಐದಡಿ ಇರುವಲ್ಲಿ ನಾಲ್ಕೂಮುಕ್ಕಾಲು ಎಂದು ಬರೆದ.

ಮೊದಮೊದಲು ಕೋಲು ಬೀಳಿಸಿದಳು, ಮೈಕೈ ತರಚಿಕೊಂಡಳು. ಆಮೇಲೆ ದಾಟಿದಳು. ಬೆಳಗಾದರೆ ದಾಟುವುದು, ನಗುವುದು. "ಅಪ್ಪ, ನಾಲ್ಕೂಮುಕ್ಕಾಲು ಈಗ ನೀರು ಕುಡಿದ ಹಾಗೆ!" ಮಾತು ಮೇಸ್ತ್ರಿಯ ನಾಲಿಗೆ ತುದಿಗೆ ಬರುವುದು. ಈ ನಗು ಇನ್ನೊಂದು ದಿನ ಇರಲಿ ಎಂದು ನುಂಗಿಕೊಳ್ಳುವನು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುವಷ್ಟರಲ್ಲಿ ಜಿಲ್ಲಾ ತಂಡದ ಆಯ್ಕೆಯ ದಿನ ಬಂದೇಬಿಟ್ಟಿತು.

ಮೈದಾನದಲ್ಲಿ ಧ್ವನಿವರ್ಧಕ "ಐದಡಿ" ಎಂದು ಕೂಗಿತು. ಮಗಳು ಓಡಿ ಬಂದಳು, ನಿಂತಳು. ಮತ್ತೆ ಓಡಿದಳು, ಮತ್ತೆ ನಿಂತಳು. ಉಳಿದದ್ದು ಒಂದೇ ಅವಕಾಶ. ಮೇಸ್ತ್ರಿ ಜನರನ್ನು ತಳ್ಳಿಕೊಂಡು ಸುತ್ತ ಕಟ್ಟಿದ್ದ ಹಗ್ಗದ ಬಳಿಗೆ ಬಂದ.

"ಪುಟ್ಟಿ, ಇದನ್ನ ನೀನು ದಿನಾ ಹಾರ್ತಿದ್ದೀಯ! ಅಂಗಳದಲ್ಲಿರೋದು ನಾಲ್ಕೂಮುಕ್ಕಾಲಲ್ಲ, ಐದು. ನಾನೇ ತಪ್ಪು ಬರೆದಿದ್ದೆ."

ಮಗಳು ಅವನ ಮುಖವನ್ನೇ ನೋಡಿದಳು. "ಸುಮ್ನಿರಪ್ಪ. ಸಮಾಧಾನಕ್ಕೆ ಏನೇನೋ ಹೇಳಬೇಡ. ನೀನು ಅಳತೆ ತಪ್ತೀಯಾ?"

ಇಡೀ ಬೀದಿ ಅವನ ಮೇಲಿಟ್ಟಿದ್ದ ನಂಬಿಕೆ ಅವತ್ತು ಅವನಿಗೇ ಅಡ್ಡ ನಿಂತಿತು. ಮೂರನೇ ಸಲ ಅವಳು ಓಡಲೇ ಇಲ್ಲ.

ಮನೆಗೆ ಬಂದ ಮೇಲೆ ಮೇಸ್ತ್ರಿ ಟೇಪು ಚಾಚಿದ. "ನೀನೇ ಅಳೆದು ನೋಡಮ್ಮ."

"ಯಾಕೆ ಅಳೀಬೇಕು? ನಾಲ್ಕೂಮುಕ್ಕಾಲಾದ್ರೆ ಇವತ್ತು ಸುಳ್ಳು ಹೇಳಿದೆ. ಐದಾದ್ರೆ ಇಷ್ಟು ದಿನ ಸುಳ್ಳು ಹೇಳಿದೆ. ಯಾವ್ದು ಬೇಕು ನಿನಗೆ?" ಎಂದವಳು, ಗೋಡೆಗೆ ಮುಖ ಮಾಡಿ ಹೇಳಿದಳು: "ಐದೇ ಆಗಿದ್ರೆ, ನನ್ನ ಕೈಲಿ ಆಗ್ತಿತ್ತು ಅಂತಾಯ್ತಲ್ಲಪ್ಪ. ಅದನ್ನ ಹೇಗೆ ತಡ್ಕೊಳ್ಳಲಿ?"

ಅವಳು ಮತ್ತೆ ಹಾರಲಿಲ್ಲ. ಓದು ಮುಗಿಸಿ ಬಸ್ ನಿಲ್ದಾಣದ ಟಿಕೆಟ್ ಕಿಂಡಿಯಲ್ಲಿ ಕೂತಳು. ಮೇಸ್ತ್ರಿಗೂ ಏನೋ ಆಯಿತು. ಒಂದೇ ಹಲಗೆಗೆ ಮತ್ತೆ ಮತ್ತೆ ಟೇಪು ಹಿಡಿಯುವನು, ಗುರುತು ಹಾಕಿ ಅಳಿಸುವನು, ಆದರೂ ಕೊಯ್ದದ್ದು ಗಿಡ್ಡವಾಗುವುದು. "ಏನ್ ಮೇಸ್ತ್ರಿ, ಟೇಪಿಗೆ ಕೊನೆಗೂ ಕೆಲಸ ಸಿಕ್ತಾ?" ಎಂದು ತಮಾಷೆ ಮಾಡಿದ ದರ್ಜಿ, ಅವನು ಗಿಡ್ಡವಾದ ಹಲಗೆಯನ್ನು ಮೂಲೆಗೆ ಸರಿಸಿ ಇನ್ನೊಂದಕ್ಕೆ ಟೇಪು ಹಿಡಿದದ್ದನ್ನು ಕಂಡು ಮತ್ತೆಂದೂ ಹಾಗೆ ಅನ್ನಲಿಲ್ಲ.

ಅಂಗಳದ ಕೋಲನ್ನು ಮಾತ್ರ ಮೇಸ್ತ್ರಿ ತೆಗೆಯಗೊಡಲಿಲ್ಲ. "ಇರಲಿ ಬಿಡೇ, ಒಂದಿನ ಅಳೀತಾಳೆ" ಎಂದು ಹೆಂಡತಿಗೆ ಹೇಳುವನು. ಹೆಂಡತಿ ಅದರ ಮೇಲೆ ಬಟ್ಟೆ ಒಣಹಾಕಿದಳು. ಇವನು ಬೆಳಿಗ್ಗೆ ಅದರಡಿ ಬಗ್ಗಿ ಕೆಲಸಕ್ಕೆ ಹೋಗುವನು, ಸಂಜೆ ಬಗ್ಗಿ ಬರುವನು. "ಈ ಮನೇಲಿ ತಲೆ ಎತ್ಕೊಂಡು ಓಡಾಡೋಳು ನಾನೊಬ್ಬಳೇ, ಕುಳ್ಳಿಯಾಗಿದ್ದಕ್ಕೆ" ಎಂದು ಅವಳು ನಗಿಸಲು ನೋಡುವಳು. ಮಗಳು ಕೋಲಿನತ್ತ ಕಣ್ಣೆತ್ತದೆ ಪಕ್ಕದ ಇಕ್ಕಟ್ಟು ಸಂದಿಯಿಂದ ಸುತ್ತಿ ಹೋಗುವಳು.

ಹೀಗೇ ವರ್ಷಗಳು ಹೋದವು. ಒಂದು ಬೆಳಿಗ್ಗೆ ಮೇಸ್ತ್ರಿ ಏಳಲಿಲ್ಲ.

ಹೊರಡುವ ಹೊತ್ತಿಗೆ ದರ್ಜಿಯೂ ಇನ್ನು ಮೂವರೂ ಹೆಗಲು ಕೊಟ್ಟು ಹೊಸ್ತಿಲು ದಾಟಿದರು. ಕೋಲು ಎದುರಾಯಿತು. "ಸ್ವಲ್ಪ ಬಗ್ಗಿ" ಎಂದ ದರ್ಜಿ.

"ನಿಲ್ಲಿ ಮಾವ" ಎಂದಳು ಮಗಳು. ಒಳಗೆ ಹೋಗಿ, ಮೊಳೆಗೆ ತೂಗುಹಾಕಿದ್ದ ಅಪ್ಪನ ಅಂಗಿಯ ಜೇಬಿನಿಂದ ಟೇಪು ತಂದಳು. ತುದಿಯನ್ನು ಪಾದದಿಂದ ನೆಲಕ್ಕೆ ಒತ್ತಿ, ಪಟ್ಟಿಯನ್ನು ಕಂಬದುದ್ದಕ್ಕೂ ಎಳೆದಳು. ಮಾಸಿದ ಬಿಳಿ ಗುರುತಿನ ಬಳಿ ಅವಳ ಹೆಬ್ಬೆರಳು ನಿಂತಿತು. ಬೀದಿಯೆಲ್ಲ ಕಾಯುತ್ತಿತ್ತು, ಯಾಕೆಂದು ತಾಯಿಗೆ ಮಾತ್ರ ಗೊತ್ತು.

"ಎಷ್ಟಿದೆಯೇ?" ಎಂದಳು ತಾಯಿ.

"ಐದಮ್ಮ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

ಕೋಲನ್ನು ಎತ್ತಿ ತೆಗೆದು, ಎದೆಗೆ ಅವಚಿಕೊಂಡು ಪಕ್ಕಕ್ಕೆ ಸರಿದಳು. "ಬಗ್ಗಬೇಡಿ ಮಾವ. ಅಪ್ಪನ್ನ ನೇರವಾಗಿ ಕರ್ಕೊಂಡು ಹೋಗಿ."

ಹೊತ್ತವರು ಬೆನ್ನು ನೆಟ್ಟಗೆ ಮಾಡಿದರು. ಮೇಸ್ತ್ರಿ ಅಂಗಳ ದಾಟಿದ.