ಮುಂದೂಡುತ್ತಾ ಬಂದ ಆಪರೇಷನ್

ನಮ್ಮ ಊರಿನವರೇ ಆದ ಡಾಕ್ಟರು ಮೊಣಕಾಲಿನ ಎಕ್ಸ್-ರೇ ಬದಿಗಿಟ್ಟು, ರಕ್ತದ ವರದಿಯನ್ನು ಎರಡು ಸಲ ಓದಿದರು. "ನೋವಿನ ಮಾತ್ರೆ ಎಷ್ಟು ಕಾಲದಿಂದ?"

ಹಮೀದಾಕ ಕುವೈತಿನ ಅರ್ದಿಯಾದ ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡುವವರು. ಸವೆದ ಕೀಲು ಬದಲಿಸುವ ಆಪರೇಷನ್ನನ್ನು ವರ್ಷ ವರ್ಷವೂ ಮುಂದೂಡುತ್ತಾ ಬಂದಿದ್ದರು.

"ನಾಲ್ಕು ವರ್ಷ ಆಯ್ತು ಡಾಕ್ಟ್ರೇ, ಮೂರು ಹೊತ್ತೂ. ಆಪರೇಷನ್‌ಗೆ ರಜೆ ಕೇಳಿದ್ರೆ ಕಫೀಲ್ ಧಣಿ 'ಖಲಾಸ್, ಕೆಲಸ ಬಿಟ್ಟು ಊರಿಗೆ ಹೋಗು' ಅಂತಾನಲ್ಲ," ಎಂದು ನಕ್ಕರು.

ಡಾಕ್ಟರು ನಗಲಿಲ್ಲ. ಮಾತ್ರೆಗಳಿಂದ ಮೂತ್ರಪಿಂಡಗಳು ತೀರಾ ಹಾಳಾಗಿವೆ, ಈಗ ಮೊಣಕಾಲಿಗೆ ಆಪರೇಷನ್ ಮಾಡುವಂತಿಲ್ಲ ಎಂದರು.

ಹಮೀದಾಕ ನನ್ನ ಕಡೆ ತಿರುಗಿದರು. "ಹಾಗಾದ್ರೆ ನೀನು ಇನ್ನು ಮಾತ್ರೆ ತರುದಿಲ್ವಾ ಮಾರಾಯ?"

ರಜೆಗೆ ಮಂಗಳೂರಿಗೆ ಹೋದಾಗಲೆಲ್ಲ ಅವರಿಗೆ ಆ ಮಾತ್ರೆಗಳನ್ನು ತಂದುಕೊಟ್ಟವನು ನಾನು. ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದೆ.