ಪೆನ್‌ಡ್ರೈವ್‌ನಲ್ಲಿ ಇಲ್ಲದ ಹಾಡು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ದಿನಾ ಸ್ನಾನವಾದ ಮೇಲೆ ವಿಭೂತಿ ಧರಿಸಿ ಲಿಂಗಪೂಜೆ ಮಾಡದೆ ಕಾಫಿ ಮುಟ್ಟುವವಳಲ್ಲ ನಾನು. ಶಿವನನ್ನು ನಂಬುತ್ತೇನೆ. ಆದರೆ ದೆವ್ವ, ಮಾಯೆ, ಮಂತ್ರ ಎಂದವರ ಮಾತಿಗೆ ಎಂದೂ ಕಿವಿ ಕೊಟ್ಟವಳಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮರುದಿನ ತೀರಿಹೋದ ನಮ್ಮತ್ತೆಯ ಮೊದಲ ವರ್ಷದ ಪೂಜೆ. ಬಸವೇಶ್ವರನಗರದ ನಮ್ಮ ಅಡುಗೆಮನೆಯಲ್ಲಿ ಕೂತು, ಸಾರಿಗೆಂದು ನೆನೆಸಿದ್ದ ಅವರೆಕಾಳು ಹಿದುಕುತ್ತಿದ್ದೆ. ಆಗ ಕಾಮಾಕ್ಷಿಪಾಳ್ಯದ ಕಂಪ್ಯೂಟರ್ ಅಂಗಡಿಯವನ ಫೋನು ಬಂತು.

ನಮ್ಮ ಕಂಪ್ಯೂಟರ್ ಆನ್ ಆಗುವುದಕ್ಕೇ ಒದ್ದಾಡುತ್ತಿತ್ತು. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು ಎಂದಿದ್ದ. "ಬೇಕಾದ್ದೆಲ್ಲ ಕಾಪಿ ಮಾಡ್ಕೊಂಡಿದೀರಾ ಆಂಟಿ? ನಾನೊಂದ್ಸಲ ನೋಡ್ಲಾ?" ಎಂದು ಕೇಳಿದ್ದ. "ಏನೂ ಬೇಡಪ್ಪ, ನಂಗೂ ಗೊತ್ತಾಗುತ್ತೆ" ಎಂದು ಜಂಬದಿಂದ ಹೇಳಿ, ನಾನೇ ಕಾಪಿ ಮಾಡಿದ್ದ ಪೆನ್‌ಡ್ರೈವನ್ನೂ ಕಂಪ್ಯೂಟರ್ ಜೊತೆ ಕೊಟ್ಟು ಬಂದಿದ್ದೆ.

ಆ ಕಂಪ್ಯೂಟರಿನಲ್ಲಿದ್ದದ್ದು ಅತ್ತೆ ಹೇಳಿದ ತೊಟ್ಟಿಲ ಪದ. ನಾದಿನಿ ಶಶಿಕಲಾ ತನ್ನ ಫೋನಿನಲ್ಲಿ ಹಿಡಿದು ನಮ್ಮ ಕಂಪ್ಯೂಟರಿಗೆ ಹಾಕಿಸಿದ್ದಳು. ಆಮೇಲೆ ಆ ಫೋನು ಕೆಟ್ಟುಹೋಯಿತು. ಅತ್ತೆಯ ದನಿ ಉಳಿದಿದ್ದದ್ದು ಅದೊಂದರಲ್ಲೇ.

ಅಂಗಡಿಯವನು ಹೇಳಿದ: "ಆಂಟಿ, ಪೆನ್‌ಡ್ರೈವ್‌ನಲ್ಲಿರೋದೆಲ್ಲ ಬರೀ ಶಾರ್ಟ್‌ಕಟ್. ಚಿತ್ರದ ಮೂಲೇಲಿ ಸಣ್ಣ ಬಾಣ ಇದೆ ನೋಡಿ. ಮನೆ ಬಿಟ್ಟು ಬಾಗಿಲ ಬೋರ್ಡ್ ಕಿತ್ಕೊಂಡು ಬಂದಂಗಾಯ್ತು. ಹಳೇದೆಲ್ಲ ಅಳಿಸಿಹೋಯ್ತು, ಎಷ್ಟು ಹುಡುಕಿದ್ರೂ ಸಿಗ್ತಿಲ್ಲ."

ಉಳಿದ ಕಾಳನ್ನು ಹಿದುಕಿ ಮುಗಿಸಿದೆ. ಯಜಮಾನರಿಗೂ ಹೇಳಲಿಲ್ಲ. ಅವರು ಸಂಜೆ ಕಂಪ್ಯೂಟರ್ ತಂದು ಹಾಲ್‌ನಲ್ಲಿ ಜೋಡಿಸುವಾಗ ನಾನು ಸುಮ್ಮನೆ ವೈರು ಹಿಡಿದು ನಿಂತಿದ್ದೆ.

ಮರುದಿನ ಪೂಜೆ ಸಾಂಗವಾಯಿತು. ಕರೆಂಟು ಹೋಗಲಿಲ್ಲ, ನಲ್ಲಿ ನೀರು ಬಂತು, ಜಂಗಮರು ಹೊತ್ತಿಗೆ ಸರಿಯಾಗಿ ಬಂದರು. ಅಷ್ಟಾದರೂ ಶಿವ ನಡೆಸಿಕೊಟ್ಟನಲ್ಲ ಎಂದುಕೊಳ್ಳುವಷ್ಟರಲ್ಲಿ ನಾಗರಬಾವಿಯಿಂದ ಬಂದಿದ್ದ ಶಶಿಕಲಾ, "ಅತ್ತಿಗೆ, ಅಮ್ಮನ ಪದ ಹಾಕಿ. ಅದಕ್ಕೇ ಕಾಯ್ತಿದೀನಿ" ಎಂದಳು.

ಪೆನ್‌ಡ್ರೈವ್ ಸಿಕ್ಕಿಸಿದೆ. ತೆರೆಯುವುದಿಲ್ಲವೆಂದು ಗೊತ್ತಿತ್ತು. ತೆರೆಯದಿದ್ದಾಗ "ಅಯ್ಯೋ, ಏನಾಯ್ತಿದು!" ಎಂದು ಎಲ್ಲರ ಜೊತೆ ನಾನೂ ಗಾಬರಿಯಾದಂತೆ ನಟಿಸಬೇಕೆಂದಿದ್ದೆ. ಅತ್ತೆಯ ಪೂಜೆಯ ದಿನವೇ, ಅವರ ಫೋಟೋದ ಮುಂದೆಯೇ. ಬರೆಯಲೂ ನಾಚಿಕೆಯಾಗುತ್ತದೆ.

ಬಾಣದ ಗುರುತನ್ನು ಒತ್ತಿದೆ. ಅತ್ತೆ ಹಾಡಿದರು.

ಪದದ ನಡುವೆ ಕುಕ್ಕರ್ ಕೂಗಿತು. ಅತ್ತೆ ಹಾಡು ನಿಲ್ಲಿಸಿ, "ನೋಡೇ, ಒಲೆ ಸಣ್ಣ ಮಾಡು" ಎಂದು ಗದರಿ ಮತ್ತೆ ಎತ್ತಿಕೊಂಡರು. ಅಂದು ಶಶಿಕಲಾ ಫೋನಿನಲ್ಲಿ ಹಿಡಿದಿದ್ದ ಹಾಗೆಯೇ, ಒಂದಕ್ಷರ ಆಚೀಚೆಯಿಲ್ಲ. ಶಶಿಕಲಾ ಸೆರಗು ಬಾಯಿಗೊತ್ತಿ ಅತ್ತಳು.

"ನಿಮ್ಮಿಂದ ಅಮ್ಮ ಉಳಿದ್ಲು ಅತ್ತಿಗೆ," ಎಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಇನ್ನೊಂದ್ಸಲ ಹಾಕಿ."

"ಆಮೇಲೆ ನಿನ್ನ ಫೋನಿಗೇ ಕಳಿಸ್ತೀನಿ. ಮೊದ್ಲು ಊಟಕ್ಕೇಳು" ಎಂದೆ. ಹೆದರಿಕೆಯಾಗಿತ್ತು.

ಎಲ್ಲರೂ ಹೋದ ಮೇಲೆ ಮತ್ತೆ ಒತ್ತಿದೆ. ಫೈಲ್ ಸಿಗುತ್ತಿಲ್ಲ ಎಂದಿತು. ಇಂದಿಗೂ ಅದನ್ನೇ ಹೇಳುತ್ತದೆ. ಅಂಗಡಿಯವನನ್ನು ಕೇಳಿದರೆ, "ಬಾಣ ಎಲ್ಲಾದ್ರೂ ಹಾಡುತ್ತಾ ಆಂಟಿ? ನೀವು ಇನ್ಯಾವ್ದೋ ಒತ್ತಿರ್ತೀರ" ಎಂದು ನಕ್ಕ. ಅದರಲ್ಲಿ ಇನ್ಯಾವುದೂ ಇರಲಿಲ್ಲ. ಅತ್ತೆ ನನ್ನ ಮಾನ ಉಳಿಸಿದರೋ, ಸುಳ್ಳನ್ನು ನನ್ನ ಕೊರಳಿಗೇ ಕಟ್ಟಿಹೋದರೋ, ತಿಳಿಯದು. ಪೆನ್‌ಡ್ರೈವ್ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿದೆ.

ಪ್ರತಿ ವರ್ಷದಂತೆ ನಿನ್ನೆಯೂ ಶಶಿಕಲಾ ಫೋನು ಮಾಡಿ, "ಅಮ್ಮನ ಪದ ಕಳಿಸ್ತೀನಿ ಅಂದಿದ್ರಲ್ಲ ಅತ್ತಿಗೆ, ಈ ಸಲಾನೂ ಮರೆತೇಬಿಟ್ರಾ?" ಎಂದಳು.

"ಕಳಿಸ್ತೀನಮ್ಮ" ಎಂದೆ. ಫೋನಿಟ್ಟು, ಈ ವರ್ಷದ ಪೂಜೆಗೆ ಅವರೆಕಾಳು ನೆನೆಹಾಕಿದೆ.